ರಕ್ಷಿಸಿದ ಟೆರಿಯರ್ ಯಾವ ಮನೆಗೆ? ತೋಟ, ಪೇಟೆ, ಹೋಂಸ್ಟೇ ಮತ್ತು ಫ್ಲ್ಯಾಟ್‌ಗಳ ಹೋಲಿಕೆ

ಬಿಟ್ಟುಹೋದ ನಾಯಿಯನ್ನು ಮನೆಗೆ ತಂದು, ಗಾಯಕ್ಕೆ ಮದ್ದು ಹಚ್ಚಿ, ಹೊಟ್ಟೆ ತುಂಬ ಊಟ ಹಾಕುವವರೆಗೆ ಏನು ಮಾಡಬೇಕೆಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಸಂಶಯ ಶುರುವಾಗುವುದು ಅದು ಚೇತರಿಸಿಕೊಂಡ ಮೇಲೆ. ಬೀದಿಯಲ್ಲಿ ಸಿಕ್ಕ ನಾಡಮರಿಗಾದರೆ ಕೇಳುವವರೇ ಇಲ್ಲವೆಂಬ ಚಿಂತೆ. ಜಾತಿ ನಾಯಿಯ ವಿಷಯದಲ್ಲಿ ಕೇಳುವವರು ಹೆಚ್ಚಾದರೆಂಬುದೇ ಚಿಂತೆ. ಒಂದು ಜ್ಯಾಕ್ ರಸೆಲ್ ಅಥವಾ ಯಾರ್ಕ್‌ಶೈರ್ ಟೆರಿಯರ್ ಸಿಕ್ಕಿದೆ ಎಂಬ ಸುದ್ದಿ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಸಾಕು, ಪೊನ್ನಂಪೇಟೆ ಕಡೆಯ ತೋಟದವರು, ಮಡಿಕೇರಿಯ ಹೋಂಸ್ಟೇಯವರು, ಕುಶಾಲನಗರದ ನಿವೃತ್ತ ದಂಪತಿ, ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾಡಿಕೊಂಡಿರುವ ಸಂಬಂಧಿಕರು, ಎಲ್ಲರೂ ‘ನಮಗೇ ಕೊಡಿ’ ಎನ್ನುತ್ತಾರೆ. ಎಲ್ಲರೂ ಒಳ್ಳೆಯವರೇ ಆಗಿರುತ್ತಾರೆ. ಆಗ ರಕ್ಷಿಸಿದವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಇವರಲ್ಲಿ ಯಾರಿಗೆ ಕೊಡಬೇಕು?

ಕೊಡಗಿನಲ್ಲಿ ಈ ಪ್ರಶ್ನೆಗೆ ಬಹುತೇಕರ ನಾಲಿಗೆಯ ತುದಿಯಲ್ಲಿ ಸಿದ್ಧ ಉತ್ತರವೊಂದಿದೆ: ‘ತೋಟದ ಮನೆಗೆ ಕೊಡಿ, ಓಡಾಡಿಕೊಂಡಿರುತ್ತದೆ.’ ಲ್ಯಾಬ್ರಡಾರ್‌ಗೋ ನಾಡನಾಯಿಗೋ ಆ ಮಾತು ಅನೇಕ ಸಲ ಸರಿಯಾಗಿಯೇ ಇರುತ್ತದೆ. ಟೆರಿಯರ್‌ಗಳ ಮಟ್ಟಿಗೆ ಮಾತ್ರ ಜಾಗದ ವಿಸ್ತಾರವನ್ನು ಮೊದಲು ನೋಡುವುದು ತಪ್ಪು ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ನಾಯಿಗಳಿಗೆ ಬೇಕಾದದ್ದು ಎಕರೆಗಳಲ್ಲ. ಗಟ್ಟಿ ಬೇಲಿ, ಮನೆಯಲ್ಲಿ ಇಡೀ ದಿನ ಇರುವ ಜನ ಮತ್ತು ತಲೆಗೆ ಕೆಲಸ. ಅದು ಹೇಗೆಂದು ವಿವರಿಸುವುದಕ್ಕೆ ಮೊದಲು ಅಳತೆಗೋಲುಗಳನ್ನು ಹೇಳಬೇಕು.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ನಾಯಿಯ ಬೇಟೆಬುದ್ಧಿ. ಟೆರಿಯರ್ ಗುಂಪಿನ ಹೆಚ್ಚಿನ ತಳಿಗಳನ್ನು ಬ್ರಿಟನ್ನಿನಲ್ಲಿ ಇಲಿ, ಹೆಗ್ಗಣ, ನರಿಗಳನ್ನು ಹಿಡಿಯಲು, ಬಿಲದೊಳಗೆ ನುಗ್ಗಿ ಪ್ರಾಣಿಯನ್ನು ಹೊರಗಟ್ಟಲು ಬೆಳೆಸಲಾಯಿತು. ಇಂಗ್ಲೆಂಡಿನ ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್ 1819ರಲ್ಲಿ ಟ್ರಂಪ್ ಎಂಬ ಹೆಣ್ಣು ನಾಯಿಯನ್ನು ಕೊಂಡು ಆರಂಭಿಸಿದ ಸಂತತಿಯೇ ಇಂದು ಅವರ ಹೆಸರಿನಿಂದ ಕರೆಯಲ್ಪಡುವ ಜ್ಯಾಕ್ ರಸೆಲ್. ಇಪ್ಪತ್ತೈದು ಮೂವತ್ತು ಸೆಂಟಿಮೀಟರ್ ಎತ್ತರದ, 6 ಕಿಲೋ ಆಸುಪಾಸಿನ ಈ ನಾಯಿ, ಯಜಮಾನನ ಅಪ್ಪಣೆಗೆ ಕಾಯದೆ ನೆಲದಡಿಯ ಕತ್ತಲೆಯಲ್ಲಿ ತಾನೇ ತೀರ್ಮಾನ ತೆಗೆದುಕೊಳ್ಳಬೇಕಿತ್ತು. ಕರೆದರೂ ಬಾರದ ಅದರ ಮೊಂಡುತನ ಹಾಗೆ ಬಂದದ್ದು. ಸೌದೆ ರಾಶಿಯ ಅಡಿಯಲ್ಲಿ ಇಲಿಯ ವಾಸನೆ ಹಿಡಿದ ಜ್ಯಾಕ್ ರಸೆಲ್ ಒಂದನ್ನು ಗಮನಿಸಿ ನೋಡಿ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೂಗನ್ನು ಕೊರಡಿನ ಸಂದಿಗೆ ಒತ್ತಿ, ಬಾಲದ ತುದಿಯೊಂದು ಮಾತ್ರ ಸಣ್ಣಗೆ ನಡುಗುವಂತೆ ಅದು ಅರ್ಧ ದಿನ ಕೂರಬಲ್ಲದು. ಊಟದ ತಟ್ಟೆ ಪಕ್ಕಕ್ಕಿಟ್ಟರೂ ತಲೆಯೆತ್ತುವುದಿಲ್ಲ. ಆ ಏಕಾಗ್ರತೆಯನ್ನು ನಿಮ್ಮ ನಾಟಿಕೋಳಿಯ ಮೇಲೆ, ಬೆಕ್ಕಿನ ಮೇಲೆ, ಕಲ್ಲುಕಟ್ಟಡದ ಸಂದಿಯಲ್ಲಿರುವ ಹಾವಿನ ಮೇಲೆ ಇಟ್ಟು ಯೋಚಿಸಿದರೆ ಯಾವ ಮನೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದರ ಅರ್ಧ ಭಾಗ ತಾನಾಗಿ ತಿಳಿಯುತ್ತದೆ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಗಟ್ಟಿ ಎದೆಪಟ್ಟಿ ಮತ್ತು ಹಗ್ಗ ಹಾಕಿ, ಬಲೆಯ ಹಿಂದಿರುವ ಕೋಳಿಗಳಿಂದ ಸಾಕಷ್ಟು ದೂರದಲ್ಲಿ ನಾಯಿಯನ್ನು ನಿಲ್ಲಿಸಿ, ಬೇಯಿಸಿದ ಮಾಂಸದ ತುಂಡು ತೋರಿಸಿ ಹೆಸರು ಕರೆಯಿರಿ. ದೃಷ್ಟಿ ತೆಗೆದು ನಿಮ್ಮತ್ತ ತಿರುಗಿದರೆ ಅದನ್ನು ಪಳಗಿಸಲು ದಾರಿಯಿದೆ. ಮೈಯೆಲ್ಲ ಬಿಗಿದು, ಕರೆ ಕಿವಿಗೆ ಬೀಳದಂತೆ ನಿಂತರೆ ಕೋಳಿ ಸಾಕುವ ಮನೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಪರೀಕ್ಷೆಯನ್ನು ಬೇರೆ ಬೇರೆ ದಿನ ಮಾಡಬೇಕು. ಬಂದ ಹೊಸತರಲ್ಲಿ ಭಯದಿಂದ ಮುದುಡಿ ಕುಳಿತ ನಾಯಿ ತನ್ನ ನಿಜವಾದ ಸ್ವಭಾವವನ್ನು ತೋರಿಸುವುದಿಲ್ಲ. ಹೊಸ ಜಾಗಕ್ಕೆ ಬಂದ ನಾಯಿ ಉಸಿರು ಬಿಡಲು ಮೂರು ದಿನ, ಮನೆಯ ಕ್ರಮ ಕಲಿಯಲು ಮೂರು ವಾರ, ತನ್ನದೆಂದುಕೊಳ್ಳಲು ಮೂರು ತಿಂಗಳು ಬೇಕೆಂದು ನಾಯಿ ರಕ್ಷಣೆಯಲ್ಲಿ ತೊಡಗಿರುವವರು ಹೇಳುವ ಲೆಕ್ಕ ಸ್ಥೂಲವಾದದ್ದಾದರೂ ನಂಬತಕ್ಕದ್ದು. ಮೂರು ವಾರ ತುಂಬುವ ಮೊದಲು ಯಾರಿಗೂ ಮಾತು ಕೊಡಬೇಡಿ.

ಎರಡನೆಯದು ಬೇಲಿ. ಕಾಂಪೌಂಡ್ ಇದೆ ಎಂದು ಫೋನಿನಲ್ಲಿ ಕೇಳಿ ಒಪ್ಪಿಕೊಳ್ಳುವುದು ಸಾಲದು. ಹೋಗಿ, ಬಗ್ಗಿ ನೋಡಬೇಕು. ಗೋಡೆಯ ಎತ್ತರ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಟೆರಿಯರ್ ತಪ್ಪಿಸಿಕೊಳ್ಳುವುದು ಬುಡದಿಂದ. ಮಳೆನೀರು ಹೊರಹೋಗಲು ಬಿಟ್ಟ ಮೋರಿಯ ಕಂಡಿ, ಗೇಟಿನ ಅಡಿಯ ಸಂದು, ಜಾಲರಿಯ ಕೆಳಅಂಚು ಮಣ್ಣಿಗೆ ತಾಗದ ಇಳಿಜಾರು, ಈ ಮೂರನ್ನೂ ಕೈಯಿಟ್ಟು ಅಳೆಯಿರಿ. ನಿಮ್ಮ ಮುಷ್ಟಿ ಸರಾಗವಾಗಿ ಆಡುವ ಕಂಡಿಯನ್ನು ಯಾರ್ಕ್‌ಶೈರ್ ಮರಿ ದಾಟಬಲ್ಲದು. ಅಷ್ಟೂ ಇಲ್ಲದ ಕಡೆ ಜ್ಯಾಕ್ ರಸೆಲ್ ಒಂದೇ ಮಧ್ಯಾಹ್ನದಲ್ಲಿ ಮಣ್ಣು ಕೆದಕಿ ದಾರಿ ಮಾಡಿಕೊಳ್ಳುತ್ತದೆ. ಜಾಲರಿಯನ್ನು ಒಂದಡಿಯಷ್ಟು ನೆಲದೊಳಗೆ ಹೂಳುವುದು ಅಥವಾ ಬುಡದುದ್ದಕ್ಕೂ ಕಲ್ಲು ಕೂರಿಸುವುದು ದೊಡ್ಡ ಖರ್ಚಲ್ಲ. ನಾಯಿ ಬರುವ ಮೊದಲೇ ಅಷ್ಟು ಮಾಡಲು ಒಪ್ಪುವವರು ಉಳಿದದ್ದನ್ನೂ ಮಾಡುತ್ತಾರೆಂದು ಧೈರ್ಯವಾಗಿ ನಂಬಬಹುದು.

ಉಳಿದವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಮನೆಯಲ್ಲಿ ಹಗಲಿಡೀ ಯಾರಿರುತ್ತಾರೆ, ಸಂಜೆ ಅನ್ನ ಹಾಕುವವರು ಯಾರು. ಚಿಕ್ಕ ಪ್ರಾಣಿಗಳ ಚಿಕಿತ್ಸೆಯಲ್ಲಿ ಪಳಗಿದ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ. ತುಪ್ಪಳದ ಆರೈಕೆ ಮತ್ತು ತಳಿಗೆ ಅಂಟಿಬರುವ ಕಾಯಿಲೆಗಳ ಖರ್ಚನ್ನು ಹತ್ತು ಹದಿನೈದು ವರ್ಷ ನಿಭಾಯಿಸಬಲ್ಲರೇ. ಮನೆಯವರೆಲ್ಲರ, ವಿಶೇಷವಾಗಿ ಹಿರಿಯರ, ಒಪ್ಪಿಗೆ ಇದೆಯೇ.

ಎಲ್ಲ ಟೆರಿಯರ್‌ಗಳೂ ಒಂದೇ ಅಲ್ಲ

ಸಿಕ್ಕ ನಾಯಿ ಯಾವುದು ಎಂಬುದರ ಮೇಲೆ ಈ ಅಳತೆಗೋಲುಗಳ ತೂಕ ಬದಲಾಗುತ್ತದೆ. ಜ್ಯಾಕ್ ರಸೆಲ್ ಮತ್ತು ಫಾಕ್ಸ್ ಟೆರಿಯರ್‌ಗಳಿಗೆ ಬೇಲಿ ಮತ್ತು ಚಟುವಟಿಕೆ ಮುಖ್ಯ. ಜ್ಯಾಕ್ ರಸೆಲ್‌ನಲ್ಲಿ ಕಣ್ಣಿನ ಮಸೂರ ಜಾರುವ ವಂಶಪಾರಂಪರ್ಯ ದೋಷ ಕಾಣಿಸಿಕೊಳ್ಳುವುದುಂಟು. ನಡುಪ್ರಾಯದ ನಾಯಿಯ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ ಮಬ್ಬಾದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಗಬೇಕು, ಶಸ್ತ್ರಚಿಕಿತ್ಸೆಗೆ ದೊಡ್ಡ ಊರಿಗೇ ಹೋಗಬೇಕು.

ಯಾರ್ಕ್‌ಶೈರ್ ಟೆರಿಯರ್ ಸುಮಾರು 3 ಕಿಲೋ ತೂಗುವ, ಒಳತುಪ್ಪಳವಿಲ್ಲದ ನಾಯಿ. ನಮ್ಮ ಜೂನ್, ಜುಲೈ ತಿಂಗಳ ಥಂಡಿ ಅದಕ್ಕೆ ತಡೆಯದು. ಕೂದಲು ಮನುಷ್ಯರ ಕೂದಲಿನಂತೆ ಬೆಳೆಯುತ್ತಲೇ ಇರುವುದರಿಂದ ದಿನವೂ ಬಾಚಬೇಕು. ಶ್ವಾಸನಾಳ ಕುಸಿಯುವ ತೊಂದರೆ ಈ ತಳಿಯಲ್ಲಿ ಸಾಮಾನ್ಯವಾಗಿರುವುದರಿಂದ ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆಯುವ ಮನೆಗೆ ಕೊಡಬಾರದು, ಎದೆಪಟ್ಟಿಯೇ ಆಗಬೇಕು. ವೆಸ್ಟ್ ಹೈಲ್ಯಾಂಡ್ ವೈಟ್‌ಗೆ ಚರ್ಮದ ಅಲರ್ಜಿಯದೇ ದೊಡ್ಡ ಕಾಟ. ತಿಂಗಳುಗಟ್ಟಲೆ ಒಣಗದ ತೇವದಲ್ಲಿ ಅದು ಉಲ್ಬಣಿಸುತ್ತದೆ. ಸ್ಕಾಟಿಷ್ ಟೆರಿಯರ್ ನೆಲಕ್ಕೆ ಅಂಟಿಕೊಂಡಂತಿರುವ ನಾಯಿ, ಮಳೆಗಾಲದಲ್ಲಿ ಅದರ ಗಡ್ಡದಿಂದ ಹೊಟ್ಟೆಯವರೆಗೆ ಕೆಸರು ಮೆತ್ತಿಕೊಂಡೇ ಇರುತ್ತದೆ. ಈ ಎರಡಕ್ಕೂ ಭಾಗಮಂಡಲದ ಕಡೆಗಿಂತ ಕುಶಾಲನಗರ ಅಥವಾ ಮೈಸೂರಿನ ಒಣಹವೆ ಎಷ್ಟೋ ವಾಸಿ. ಟೆರಿಯರ್‌ಗಳಲ್ಲೇ ಎತ್ತರವಾದ ಏರ್‌ಡೇಲ್‌ಗೆ ಮಾತ್ರ ನಿಜಕ್ಕೂ ವಿಶಾಲವಾದ ಜಾಗ ಬೇಕು.

ಬುಲ್ ಟೆರಿಯರ್ ಮತ್ತು ಪಿಟ್‌ಬುಲ್ ಬಗೆಯವು ಬೇರೆಯೇ ಲೆಕ್ಕ. ಜನರ ಜೊತೆ ಅಕ್ಕರೆಯಿಂದಿರುವ ಇವು ಬೇರೆ ನಾಯಿಗಳನ್ನು ಸಹಿಸದಿರುವುದೇ ಹೆಚ್ಚು. ಆದ್ದರಿಂದ ಬೇರೆ ನಾಯಿ ಇಲ್ಲದ, ಅನುಭವವಿರುವ ವಯಸ್ಕರ ಮನೆ ಬೇಕು. ಬಿಳಿ ಬುಲ್ ಟೆರಿಯರ್‌ಗಳಲ್ಲಿ ಹುಟ್ಟುಕಿವುಡು ಉಂಟು, ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿಕೊಳ್ಳಿ. ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಸೇರಿದಂತೆ 23 ತಳಿಗಳ ಸಾಕಣೆಗೆ ತಡೆಯೊಡ್ಡಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದುಮಾಡಿತು. ಆದರೂ ಸ್ಥಳೀಯ ಸಂಸ್ಥೆಯ ನಿಯಮವನ್ನೂ ಮನೆ ಮಾಲೀಕರ ಮನಸ್ಸನ್ನೂ ವಿಚಾರಿಸಿದ ಮೇಲೆಯೇ ಮುಂದುವರಿಯುವುದು ಕ್ಷೇಮ.

ತೋಟದ ಮನೆ

ತೋಟದ ಮನೆಯ ಒಳಿತುಗಳನ್ನು ಮೊದಲು ಹೇಳಬೇಕು, ಏಕೆಂದರೆ ಸರಿಯಾದ ತೋಟದ ಮನೆ ಸಿಕ್ಕರೆ ಅದಕ್ಕಿಂತ ಸುಖ ನಾಯಿಗೆ ಬೇರೆ ಇಲ್ಲ. ಮೂಸಿ ನೋಡಲು ದಿನವೂ ಹೊಸ ವಾಸನೆ, ಬೊಗಳಿದರೆ ತಕರಾರು ಮಾಡುವ ನೆರೆಯವರಿಲ್ಲ, ಮನೆಯ ಉಗ್ರಾಣದಲ್ಲಿ ಇಲಿ ಹಿಡಿಯುವ ನಿಜವಾದ ಕೆಲಸ. ಕೊಡಗಿನ ಮನೆಗಳಲ್ಲಿ ನಾಯಿಯನ್ನು ಮನೆಯ ಒಬ್ಬರಂತೆ ಕಾಣುವ ವಾಡಿಕೆ ಹಳೆಯದು, ಆ ಪ್ರೀತಿಯನ್ನು ಕಡೆಗಣಿಸುವಂತಿಲ್ಲ.

ಅಪಾಯಗಳೂ ಅಷ್ಟೇ ನಿಜ. ಕಾಫಿ ತೋಟಕ್ಕೆ ಬೇಲಿ ಎಂಬುದು ಹೆಸರಿಗೆ ಮಾತ್ರ. ಆನೆಗೆಂದು ಹಾಕಿದ ಸೋಲಾರ್ ತಂತಿಯಾಗಲಿ ತೋಡಿದ ಕಂದಕವಾಗಲಿ ಟೆರಿಯರನ್ನು ತಡೆಯುವುದಿಲ್ಲ. ಕಾಡುಹಂದಿಗೆಂದು ಕಳ್ಳತನದಿಂದ ಒಡ್ಡಿದ ಉರುಳು ಮೊದಲು ಹಿಡಿಯುವುದು ಹಂದಿಯ ಜಾಡು ಹಿಡಿದು ಹೋದ ನಾಯಿಯನ್ನೇ. ಮುಳ್ಳುಹಂದಿಯ ಬಿಲಕ್ಕೆ ನುಗ್ಗಿದ ಜ್ಯಾಕ್ ರಸೆಲ್ ಒಳಗೇ ಸಿಕ್ಕಿಕೊಳ್ಳಬಹುದು, ಮುಳ್ಳು ನೆಟ್ಟು ಕಣ್ಣು ಕಳೆದುಕೊಳ್ಳಬಹುದು. ಚಿರತೆ ಓಡಾಡುವ ಕಡೆ ರಾತ್ರಿ ಜಗಲಿಯಲ್ಲಿ ಕಟ್ಟಿದ ಸಣ್ಣ ನಾಯಿ ಬೆಳಿಗ್ಗೆ ಇರುತ್ತದೆಂಬ ಭರವಸೆಯಿಲ್ಲ. ಹಾವಿನ ವಿಷಯದಲ್ಲಿ ಟೆರಿಯರ್ ಹಿಂದೆ ಸರಿಯುವುದನ್ನೇ ಅರಿಯದು. ನಾಗರ ಮತ್ತು ಕೊಳಕುಮಂಡಲದ ವಿಷಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುತ್ತದೆ. ಕಾಳಿಂಗ ಸರ್ಪಕ್ಕಾಗಲಿ ತೋಟದ ಗಿಡಗಳಲ್ಲಿ ಸುತ್ತಿಕೊಂಡಿರುವ ಹಸಿರು ಮಂಡಲಕ್ಕಾಗಲಿ ಅದು ತಯಾರಾದದ್ದಲ್ಲ. ಉಳಿದಂತೆ ಮಳೆಗಾಲದ ಜಿಗಣೆ ಇದ್ದೇ ಇದೆ. ಕಾಲ್ಬೆರಳ ಸಂದಿಯಲ್ಲಿ ಹತ್ತಿದ್ದನ್ನು ಉಪ್ಪು ಹಾಕಿ ಬಿಡಿಸಬಹುದು, ತೋಡಿನ ನೀರು ಕುಡಿಯುವಾಗ ಮೂಗಿನೊಳಗೆ ಸೇರಿದ್ದು ವಾರಗಟ್ಟಲೆ ರಕ್ತ ಸುರಿಸುತ್ತದೆ. ಉಣ್ಣಿಯಿಂದ ಬರುವ ಜ್ವರ ಇವೆಲ್ಲಕ್ಕಿಂತ ಹೆಚ್ಚು ನಾಯಿಗಳನ್ನು ಕಾಡುತ್ತದೆ. ವಸಡು ಬಿಳಿಚಿ, ಮೂತ್ರ ಕಡುಬಣ್ಣಕ್ಕೆ ತಿರುಗಿದ ದಿನವೇ ರಕ್ತಪರೀಕ್ಷೆ ಮಾಡಿಸುವ ಮನೆಯವರಾಗಿರಬೇಕು.

ಇವುಗಳ ಜೊತೆಗೆ ವಿಷ. ಇಲಿಪಾಷಾಣವನ್ನು ಎಲ್ಲರೂ ನೆನಪಿಡುತ್ತಾರೆ. ಶನಿವಾರಸಂತೆ ಸುತ್ತಮುತ್ತ ಆಫ್ರಿಕದ ದೈತ್ಯ ಬಸವನಹುಳುವಿನ ಹಾವಳಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಬಹಳ ಜನ ಮರೆಯುತ್ತಾರೆ. ಹುಳುವನ್ನು ಸೆಳೆಯಲು ಮಾಡಿದ ಅದರ ರುಚಿ ನಾಯಿಯನ್ನೂ ಸೆಳೆಯುತ್ತದೆ, ಒಂದು ಹಿಡಿ ತಿಂದ ಸಣ್ಣ ನಾಯಿ ಕೆಲವೇ ಗಂಟೆಗಳಲ್ಲಿ ನಡುಗಿ, ಸೆಳೆತ ಬಂದು ಸಾಯಬಹುದು. ಸೋಮವಾರಪೇಟೆ ತಾಲ್ಲೂಕಿನ ತೋಟವಾದರೆ ಈ ಪ್ರಶ್ನೆಯನ್ನು ಕೇಳದೆ ನಾಯಿ ಕೊಡಬೇಡಿ.

ತೋಟದ ಮನೆಯನ್ನು ಅಳೆಯುವ ಒಳ್ಳೆಯ ಪ್ರಶ್ನೆ ಬೇರೊಂದಿದೆ: ‘ಸಂಜೆ ಆರು ಗಂಟೆಗೆ ಅನ್ನ ಹಾಕುವವರು ಯಾರು?’ ಯಜಮಾನರು ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಬರುವವರಾದರೆ ನಾಯಿಯ ಪಾಲಿಗೆ ಮನೆಯವರು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಅಥವಾ ಕಾವಲುಗಾರ. ಅವರಿಗೆ ಈ ನಾಯಿ ಬೇಕೇ ಎಂದು ಅವರನ್ನೇ ಕೇಳಬೇಕು, ಅವರು ಕೆಲಸ ಬಿಟ್ಟರೆ ಮುಂದೇನು ಎಂಬುದನ್ನೂ ಕೇಳಬೇಕು. ವರ್ಷವಿಡೀ ತೋಟದಲ್ಲೇ ಇರುವ, ಮನೆಯ ಸುತ್ತಲಿನ ಅಂಗಳಕ್ಕೆ ಬೇರೆ ಜಾಲರಿ ಹಾಕಿಸಿ, ರಾತ್ರಿ ನಾಯಿಯನ್ನು ಮನೆಯೊಳಗೆ ಮಲಗಿಸುವ ಕುಟುಂಬ ಸಿಕ್ಕರೆ ಜ್ಯಾಕ್ ರಸೆಲ್, ಫಾಕ್ಸ್ ಟೆರಿಯರ್, ಏರ್‌ಡೇಲ್‌ಗಳಿಗೆ ನನ್ನ ಮೊದಲ ಆಯ್ಕೆ ಅದೇ. ‘ತೋಟದಲ್ಲಿ ಬಿಟ್ಟುಬಿಡುತ್ತೇವೆ’ ಎನ್ನುವವರಿಗಾದರೆ ಯಾವ ಟೆರಿಯರನ್ನೂ ಕೊಡುವುದಿಲ್ಲ. ಯಾರ್ಕ್‌ಶೈರ್‌ಗೆ ತೋಟದ ಮನೆ ಬೇಡವೇ ಬೇಡ.

ಪೇಟೆಯ ಕಾಂಪೌಂಡ್ ಮನೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರಗಳಲ್ಲಿ ಐದಾರು ಸೆಂಟ್ಸ್ ಜಾಗದ, ನಾಲ್ಕೂ ಕಡೆ ಗೋಡೆಯಿರುವ ಮನೆಗಳನ್ನು ರಕ್ಷಿಸಿದವರು ಮೊದಲ ನೋಟಕ್ಕೇ ತಳ್ಳಿಹಾಕುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ‘ಪಾಪ, ಜಾಗ ಸಾಲದು’ ಎನ್ನುತ್ತಾರೆ. ನಿವೃತ್ತರಾಗಿ ಮನೆಯಲ್ಲೇ ಇರುವ, ಬೆಳಿಗ್ಗೆ ಸಂಜೆ ತಾವೂ ನಡೆಯಲು ಹೋಗುವ ದಂಪತಿಯ ಜೊತೆ ದಿನಕ್ಕೆ ಒಂದೂವರೆ ಗಂಟೆ ಹಗ್ಗದಲ್ಲಿ ನಡೆದು, ಮನೆಯೊಳಗೆ ಬಚ್ಚಿಟ್ಟ ತಿನಿಸು ಹುಡುಕುವ ಆಟವಾಡಿ, ಸೋಫಾದ ಮೂಲೆಯಲ್ಲಿ ಮಲಗುವ ಟೆರಿಯರ್‌ಗೆ, ನೂರು ಎಕರೆಯ ನಡುವೆ ಸರಪಳಿಗೆ ಬಿಗಿದ ಟೆರಿಯರ್‌ಗಿಂತ ಸಾವಿರ ಪಾಲು ನೆಮ್ಮದಿಯಿದೆ. ಕೊಡಗಿನಲ್ಲಿ ಸೇನೆಯಿಂದ ನಿವೃತ್ತರಾದವರ ಮನೆಗಳು ಬಹಳ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಡಿಗೆ ಎಂಬ ಅವರ ಶಿಸ್ತು ಈ ಮೊಂಡು ನಾಯಿಗಳಿಗೆ ಬಹಳ ಚೆನ್ನಾಗಿ ಹಿಡಿಸುತ್ತದೆ.

ಕೊರತೆಗಳು ಇಲ್ಲದಿಲ್ಲ. ಬೊಗಳುವಿಕೆಗೆ ನೆರೆಯವರ ಆಕ್ಷೇಪ ಬರುತ್ತದೆ. ರಸ್ತೆಯಲ್ಲಿ ಬೀದಿನಾಯಿಗಳ ಗುಂಪಿಗೆ ಎದುರಾದರೆ ಆರು ಕಿಲೋದ ಟೆರಿಯರ್ ತನ್ನ ಗಾತ್ರ ಮರೆತು ಜಗಳಕ್ಕೆ ನಿಲ್ಲುತ್ತದೆ. ಚರಂಡಿಯ ಹೆಗ್ಗಣಗಳಿಂದ ಇಲಿಜ್ವರದ ಅಪಾಯ ತೋಟಕ್ಕಿಂತ ಕಡಿಮೆಯೇನಲ್ಲ. ಇಲಿ ಕಚ್ಚಿ ಕೊಲ್ಲುವ ಈ ನಾಯಿಗಳಿಗೆ ಇಲಿಜ್ವರದ ಅಂಶವಿರುವ ಲಸಿಕೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹಾಕಿಸಬೇಕು. ವಯಸ್ಸಾದ ದಂಪತಿಯಾದರೆ ಮುಂದೆ ನಾಯಿಯ ಹೊಣೆ ಹೊರುವ ಮಗನೋ ಮಗಳೋ ಯಾರೆಂದು ಕೇಳಲು ಸಂಕೋಚಪಡಬೇಡಿ. ಅಂಥ ಮನೆಗೆ ಮರಿಗಿಂತ ಐದಾರು ವರ್ಷ ದಾಟಿದ ನಾಯಿಯೇ ಒಳ್ಳೆಯ ಜೋಡಿ.

ಖರ್ಚಿನ ದೃಷ್ಟಿಯಿಂದಲೂ ಪೇಟೆಯ ಮನೆಯೇ ಹಗುರ. ಸರ್ಕಾರಿ ಪಶು ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರವಿರುತ್ತದೆ, ಉಣ್ಣಿಯ ಕಾಟ ಕಡಿಮೆಯಿರುವುದರಿಂದ ಅದರ ದುಬಾರಿ ಮಾತ್ರೆಗಳ ಮೇಲಿನ ವೆಚ್ಚವೂ ಇಳಿಯುತ್ತದೆ. 6 ಕಿಲೋದ ನಾಯಿಗೆ ಒಣ ಆಹಾರ ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ, ಅಂದರೆ ತಿಂಗಳಿಗೆ ಮೂರೂವರೆ ಕಿಲೋ ಸಾಕು. ಹೊಟ್ಟೆಯ ಖರ್ಚು ದೊಡ್ಡದಲ್ಲ, ವೈದ್ಯದ ಖರ್ಚು ದೊಡ್ಡದು. ಕಣ್ಣು, ಮೂಳೆಗಳ ಶಸ್ತ್ರಚಿಕಿತ್ಸೆ ಹತ್ತಾರು ಸಾವಿರ ದಾಟುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕುಶಾಲನಗರದವರಿಗೆ ಘಾಟಿಯ ದಾರಿ ಉಳಿಯುತ್ತದೆ. ಕಾಯಿಲೆಯ ನಾಯಿಗೆ ಮನೆ ಹುಡುಕುವಾಗ ಆ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಹೋಂಸ್ಟೇ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಾರಾಂತ್ಯಕ್ಕೊಮ್ಮೆ ಹೊಸ ಮುಖಗಳು, ತೆರೆದೇ ಇರುವ ಗೇಟು, ತಟ್ಟೆಯಿಂದ ಚಿಕನ್ ಮೂಳೆ ಎಸೆಯುವ ಅತಿಥಿಗಳು, ಬಾಲ ಹಿಡಿದೆಳೆಯುವ ಮಕ್ಕಳು, ಜೊತೆಗೆ ಅತಿಥಿಗಳು ತರುವ ಬೇರೆ ನಾಯಿಗಳು. ಒಮ್ಮೆ ಮನೆ ಕಳೆದುಕೊಂಡ ಟೆರಿಯರ್‌ಗೆ ಇಷ್ಟನ್ನು ಹೊರಿಸುವುದು ಅನ್ಯಾಯ. ಟೆರಿಯರ್ ಕಿರಿಕಿರಿಯನ್ನು ನುಂಗಿಕೊಳ್ಳುವ ಜಾತಿಯಲ್ಲ, ಕಚ್ಚುತ್ತದೆ. ಕಚ್ಚಿದ ಮರುದಿನ ಮಾಲೀಕರಿಗೆ ನಾಯಿ ಬೇಡವಾಗುತ್ತದೆ. ಮಾಲೀಕರು ಬೇರೆ ಮನೆಯಲ್ಲಿ ವಾಸವಿದ್ದು, ಅದರ ಅಂಗಳಕ್ಕೆ ಅತಿಥಿಗಳ ಪ್ರವೇಶವೇ ಇಲ್ಲದಿದ್ದರೆ ಮಾತ್ರ ಯೋಚಿಸಿ. ಅಂಥ ಮನೆಯನ್ನು ಹೋಂಸ್ಟೇ ಎಂದಲ್ಲ, ತೋಟದ ಮನೆಯೆಂದೇ ತೂಗಬಹುದು.

ಬೆಂಗಳೂರು, ಮೈಸೂರಿನ ಫ್ಲ್ಯಾಟ್

ಕಾಡಿನ ಗಾಳಿಯಲ್ಲಿದ್ದ ನಾಯಿಯನ್ನು ಸಿಮೆಂಟ್ ಗೂಡಿಗೆ ಕಳುಹಿಸುವುದೇ ಎಂದು ಮನಸ್ಸು ಹಿಂಜರಿಯುತ್ತದೆ. ಆದರೆ ನಮಗೆ ಸಿಗುವ ಟೆರಿಯರ್‌ಗಳಲ್ಲಿ ಹಲವು ಹುಟ್ಟಿ ಬೆಳೆದದ್ದೇ ನಗರದಲ್ಲಿ ಎಂಬುದನ್ನು ಮರೆಯಬಾರದು. ಲಿಫ್ಟಿನ ಸದ್ದು ಅವಕ್ಕೆ ಪರಿಚಿತ, ಜೀರುಂಡೆಯ ಸದ್ದೇ ಹೊಸತು. ಯಾರ್ಕ್‌ಶೈರ್‌ಗೆ, ಚರ್ಮದ ಅಲರ್ಜಿಯಿರುವ ವೆಸ್ಟ್ ಹೈಲ್ಯಾಂಡ್‌ಗೆ, ಕಣ್ಣು ಅಥವಾ ಹೃದಯದ ಚಿಕಿತ್ಸೆಯಲ್ಲಿರುವ ಯಾವುದೇ ನಾಯಿಗೆ ತಜ್ಞವೈದ್ಯರು ಹತ್ತಿರವಿರುವ ನಗರವೇ ಮೇಲು. ಜ್ಯಾಕ್ ರಸೆಲ್‌ಗೂ ಫ್ಲ್ಯಾಟ್ ಆಗಬಾರದೆಂದಿಲ್ಲ. ಮನೆಯಿಂದಲೇ ಕೆಲಸ ಮಾಡುವ, ಹೊರಗಿನ ಓಡಾಟವನ್ನು ತಾವೂ ಇಷ್ಟಪಡುವ ಒಬ್ಬರಾದರೂ ಇದ್ದರೆ ನಡೆಯುತ್ತದೆ. ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವ ಮನೆಯಾದರೆ, ಸಂಬಳ ಎಷ್ಟೇ ಇರಲಿ, ಬೇಡ. ಬೇಸರಗೊಂಡ ಟೆರಿಯರ್ ಮೊದಲು ಬಾಗಿಲ ಚೌಕಟ್ಟು ಕೆರೆಯುತ್ತದೆ, ಆಮೇಲೆ ದಿನವಿಡೀ ಬೊಗಳುತ್ತದೆ, ಕೊನೆಗೆ ನಿಮಗೇ ಫೋನ್ ಬರುತ್ತದೆ.

ಬಾಲ್ಕನಿಯ ಸರಳುಗಳ ನಡುವಿನ ಅಂತರವನ್ನು ವಿಡಿಯೊ ಕರೆಯಲ್ಲಿ ಅಳತೆ ಟೇಪು ಹಿಡಿದು ತೋರಿಸಲು ಹೇಳಿ. ಅಳಿಲೋ ಪಾರಿವಾಳವೋ ಕಂಡರೆ ಎಷ್ಟನೇ ಮಹಡಿ ಎಂದು ಟೆರಿಯರ್ ಯೋಚಿಸುವುದಿಲ್ಲ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ಪೂರ್ತಿಯಾಗಿ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ತಿಳಿಸಿದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಲು ಹೇಳಿ. ಈ ಆಯ್ಕೆಯ ನಿಜವಾದ ತೊಡಕು ದೂರ. ಕೊಟ್ಟ ಮೇಲೆ ಹೋಗಿ ನೋಡುವುದು ಕಷ್ಟ. ಆ ಊರಿನಲ್ಲಿ ನಿಮ್ಮ ಪರವಾಗಿ ಒಮ್ಮೆ ಮನೆ ನೋಡಿ ಬರಬಲ್ಲ ನಂಬಿಕಸ್ತರು ಯಾರೂ ಇಲ್ಲದಿದ್ದರೆ ಹತ್ತಿರದ ಎರಡನೇ ದರ್ಜೆಯ ಮನೆಯೇ ಮೇಲೆಂದು ಹೇಳುತ್ತೇನೆ.

ನಿಮ್ಮಲ್ಲೇ ಉಳಿಸಿಕೊಳ್ಳುವುದು

ಹತ್ತು ವರ್ಷ ದಾಟಿದ, ಕಚ್ಚಿದ ಇತಿಹಾಸವಿರುವ ಅಥವಾ ನಿತ್ಯ ಔಷಧ ಬೇಕಾದ ಟೆರಿಯರ್‌ಗೆ ಮನೆ ಸಿಗದಿರುವುದೇ ಹೆಚ್ಚು. ಈಗ ಅದನ್ನು ಇಟ್ಟುಕೊಂಡಿರುವವರ ಮನೆಯಲ್ಲೇ ಉಳಿಸಿ, ಉಳಿದವರು ಸೇರಿ ವೈದ್ಯದ ಖರ್ಚು ಹಂಚಿಕೊಳ್ಳುವ ಏರ್ಪಾಡು ಇಂಥ ನಾಯಿಗೆ ಹೊಂದುತ್ತದೆ. ಹೀಗೆ ಉಳಿಸಿಕೊಂಡರೆ ಮುಂದಿನ ನಾಯಿಗೆ ಜಾಗವಿರುವುದಿಲ್ಲ ಎಂಬುದನ್ನೂ ತೂಗಬೇಕು. ಎಳೆಯ, ಆರೋಗ್ಯವಂತ ನಾಯಿಯನ್ನು ಮಮತೆಯಿಂದ ಇಟ್ಟುಕೊಂಡರೆ ನೀವು ಒಂದನ್ನು ಸಾಕಿದಂತಾಗುತ್ತದೆ. ಕೊಟ್ಟರೆ ಇನ್ನೂ ಹಲವನ್ನು ರಕ್ಷಿಸಬಹುದು.

ಯಾರಿಗೆ ಖಂಡಿತ ಇಲ್ಲ

ಜಾತಿ ನಾಯಿಯಾದ್ದರಿಂದ ‘ಪೇಪರ್ ಇದೆಯೇ, ಮರಿ ಹಾಕಿಸಬಹುದೇ’ ಎಂದು ಕೇಳುವವರು ಬಂದೇ ಬರುತ್ತಾರೆ. ನಾಯಿ ತಳಿವರ್ಧನೆ ನಡೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2017ರ ನಿಯಮಗಳು ಹೇಳುತ್ತವೆ. ಮನೆಯ ಹಿತ್ತಲಲ್ಲಿ ಮರಿ ಮಾಡಿ ಮಾರುವವರು ಅದನ್ನು ಲೆಕ್ಕಿಸುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಮೇಲೆಯೇ ನಾಯಿಯನ್ನು ಕೊಡುವುದು, ಕೆನ್ನೆಲ್ ಕ್ಲಬ್ಬಿನ ಪ್ರಮಾಣಪತ್ರ ಸಿಕ್ಕಿದ್ದರೂ ಅದನ್ನು ನಾಯಿಯ ಜೊತೆ ಕಳುಹಿಸದಿರುವುದು, ಇವೆರಡನ್ನು ಪಾಲಿಸಿದರೆ ಅಂಥವರು ತಾವಾಗಿ ದೂರವಾಗುತ್ತಾರೆ. ‘ಹಂದಿಗೆ ಬಿಡಲು ಗಟ್ಟಿ ನಾಯಿ ಬೇಕಿತ್ತು’ ಎನ್ನುವವರಿಗೂ ಉತ್ತರ ಅದೇ: ಇಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ, ಹಂದಿಯ ಕೋರೆಗೆ ಹೊಟ್ಟೆ ಸೀಳುವುದು ನಾಯಿಯದೇ.

ಕೊಡುವಾಗ ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ. ಸಾಕಲಾಗದಿದ್ದರೆ ನಾಯಿಯನ್ನು ನಿಮಗೇ ಹಿಂದಿರುಗಿಸಬೇಕು, ಬೇರೆಯವರಿಗೆ ದಾಟಿಸಬಾರದು ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿರಲಿ. ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ, ಆದರೆ ಮೊದಲ ಸಲದ ದಂಡ ಹೆಚ್ಚೆಂದರೆ 50 ರೂಪಾಯಿ. ಕಾನೂನಿನ ಭಯಕ್ಕಿಂತ ನಿಮ್ಮ ಮುಂದೆ ಕುಳಿತು ಹಾಕಿದ ಸಹಿಯೂ ತಿಂಗಳಿಗೊಮ್ಮೆ ನೀವು ಮಾಡುವ ಫೋನೂ ಹೆಚ್ಚು ಕೆಲಸ ಮಾಡುತ್ತವೆ. ಮೈಕ್ರೋಚಿಪ್ ಹಾಕಿಸಲು ಅನುಕೂಲವಿದ್ದರೆ ಹಾಕಿಸಿ, ರೇಬಿಸ್ ಲಸಿಕೆಯ ಪುಸ್ತಕವನ್ನು ಜೊತೆಗೆ ಕೊಡಿ.

ಮನೆ ನಿಶ್ಚಯವಾದ ಮೇಲೆ ಕಳುಹಿಸುವ ಸಮಯವನ್ನೂ ನೋಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ತೋಟದ ಮನೆಗೆ ಹೊಸ ನಾಯಿ ಕಳುಹಿಸಿದರೆ ನಡಿಗೆ ಅಭ್ಯಾಸ ಮಾಡಿಸಲು ಮಳೆ ಬಿಡುವುದಿಲ್ಲ. ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನಲ್ಲೂ ಸುಗ್ಗಿಯ ಹಬ್ಬ ಪುತ್ತರಿಯಲ್ಲೂ ಕೋವಿಯ ಸದ್ದಿಗೆ ಬೆದರಿದ ಹೊಸ ನಾಯಿ ದಿಕ್ಕು ತಪ್ಪಿ ಓಡುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕುಯ್ಲು. ಕಣಕ್ಕೆ ಪಿಕಪ್‌ಗಳು ಬಂದುಹೋಗುತ್ತಿರುವುದರಿಂದ ಗೇಟು ಹಗಲಿಡೀ ತೆರೆದಿರುತ್ತದೆ, ಮನೆಯವರಿಗೆ ನಾಯಿಯತ್ತ ನೋಡಲು ಪುರುಸೊತ್ತಿರುವುದಿಲ್ಲ. ಹಾಗಾಗಿ ತೋಟದ ಮನೆಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್, ಇಲ್ಲವೇ ಮಾರ್ಚ್‌ನಿಂದ ಮೇ ತಿಂಗಳು ತಕ್ಕ ಕಾಲ. ಪೇಟೆಯ ಮನೆಗೂ ಫ್ಲ್ಯಾಟಿಗೂ ದೀಪಾವಳಿಯ ಆಚೀಚೆಯ ವಾರಗಳನ್ನು ಬಿಟ್ಟು ಯಾವಾಗ ಬೇಕಾದರೂ ಕಳುಹಿಸಬಹುದು. ಕಳುಹಿಸುವ ದಿನ ನಾಯಿ ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ಒಗೆಯದೆ ಜೊತೆಗಿಡಿ, ಅದೇ ಆಹಾರವನ್ನು ಒಂದು ವಾರಕ್ಕಾಗುವಷ್ಟು ಕಟ್ಟಿಕೊಡಿ, ಮೊದಲ ಮೂರು ವಾರ ಬೇಲಿಯೊಳಗೂ ಹಗ್ಗ ಬಿಚ್ಚಬಾರದೆಂದು ಮನೆಯವರೆಲ್ಲರ ಎದುರಿಗೆ ಹೇಳಿ ಬನ್ನಿ.